ಲಿವರ್ ಬೇಗ ಬೆಳೆಯಲೆಂದು ಉಪವಾಸ ಮಾಡಬಹುದೇ?

ಪ್ರಶ್ನೆ: ನಮ್ಮ ಯಜಮಾನರು ಅವರ ಅಣ್ಣನಿಗೆ ಲಿವರ್‌ನ ಒಂದು ಭಾಗ ಕೊಟ್ಟು ಬೆಂಗಳೂರಿನಿಂದ ಊರಿಗೆ ಮರಳಿದ್ದಾರೆ. ಉಳಿದದ್ದು ತಾನಾಗಿ ಬೆಳೆದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಆದರೆ ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಉಪವಾಸ ಮಾಡಿದರೆ ಜೀವಕೋಶಗಳು ತಮ್ಮ ಹಳೆಯ ಭಾಗಗಳನ್ನು ತಾವೇ ತಿಂದು ಹೊಸದಾಗುತ್ತವೆ, ಲಿವರ್ ಬೇಗ ಬೆಳೆಯುತ್ತದೆ ಅಂತ. ಇವರು ರಾತ್ರಿಯೂಟ ಬಿಡುತ್ತೇನೆ ಎಂದು ಹಟ ಹಿಡಿದಿದ್ದಾರೆ. ಬಿಡಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಬಿಡುವುದು ಬೇಡ. ಇವತ್ತು ರಾತ್ರಿಯೇ ಊಟ ಬಡಿಸಿ, ಕಾರಣವನ್ನು ಊಟವಾದ ಮೇಲೆ ಓದಿ ಹೇಳಿ. ಈ ಪ್ರಶ್ನೆ ಈಗೀಗ ತುಂಬ ಜನರಿಂದ ಬರುತ್ತಿದೆ. ಆ ಸಂದೇಶದ ಮೊದಲರ್ಧ ನಿಜವಾದ ವಿಜ್ಞಾನ. ಅದನ್ನು ನಂಬಿದವರು ಉಳಿದರ್ಧವನ್ನೂ ನಂಬಿಬಿಡುತ್ತಾರೆ.

ಮೊದಲು, ಲಿವರ್ ಬೆಳೆಯುತ್ತದೆ ಅಂದರೆ ಏನಾಗುತ್ತದೆ ನೋಡೋಣ. ಕಪಾತು ಮಾಡಿದ ಕಾಫಿ ಗಿಡ ಕತ್ತರಿ ಬಿದ್ದಲ್ಲೇ ಹೊಸ ಚಿಗುರು ಬಿಡುತ್ತದೆ. ಲಿವರ್ ಹಾಗೆ ಮಾಡುವುದಿಲ್ಲ. ದೊಡ್ಡವರಿಗೆ ಕೊಡುವಾಗ ಸಾಮಾನ್ಯವಾಗಿ ಬಲಭಾಗವನ್ನು, ಅಂದರೆ ಇಡೀ ಲಿವರ್‌ನ ಸುಮಾರು ಶೇ 60ರಷ್ಟನ್ನು ತೆಗೆಯುತ್ತಾರೆ. ಆ ಭಾಗ ಮತ್ತೆ ಹುಟ್ಟುವುದಿಲ್ಲ, ಉಳಿದ ಎಡಭಾಗವೇ ಹಿಗ್ಗುತ್ತದೆ. ಕರುಳಿನಿಂದ ಬರುವ ರಕ್ತವೆಲ್ಲ ಈಗ ಈ ಸಣ್ಣ ತುಂಡಿನಲ್ಲೇ ಹಾಯಬೇಕು. ಆ ಒತ್ತಡವೂ, ರಕ್ತದಲ್ಲಿ ಬರುವ ಬೆಳವಣಿಗೆಯ ಸಂಕೇತಗಳೂ ಸೇರಿ, ಸುಮ್ಮನಿದ್ದ ಜೀವಕೋಶಗಳನ್ನು ಎಬ್ಬಿಸುತ್ತವೆ. ಅವು ಮೊದಲು ದಪ್ಪಗಾಗುತ್ತವೆ, ಆಮೇಲೆ ಒಡೆದು ಎರಡಾಗುತ್ತವೆ. ಇಲಿಯ ಲಿವರ್‌ನಲ್ಲಿ ಮೂರರಲ್ಲಿ ಎರಡು ಪಾಲು ತೆಗೆಯುವ ಪ್ರಯೋಗವನ್ನು ಹಿಗಿನ್ಸ್ ಮತ್ತು ಆಂಡರ್ಸನ್ 1931ರಲ್ಲೇ ವಿವರಿಸಿದ್ದರು. ಇಲಿಯಲ್ಲಿ ಏಳರಿಂದ ಹತ್ತು ದಿನಗಳಲ್ಲಿ ಲಿವರ್ ಹೆಚ್ಚುಕಡಿಮೆ ಮೊದಲಿನ ತೂಕಕ್ಕೆ ಬಂದುಬಿಡುತ್ತದೆ. ಮನುಷ್ಯರಲ್ಲಿ ಮೊದಲ ಕೆಲವು ವಾರಗಳಲ್ಲಿ ಬೆಳವಣಿಗೆ ಜೋರಾಗಿದ್ದು, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಸಾಗುತ್ತದೆ.

ಇನ್ನು, ಜೀವಕೋಶ ತನ್ನ ಭಾಗಗಳನ್ನೇ ತಿನ್ನುವ ಮಾತು. ಇದಕ್ಕೆ ಆಟೋಫಜಿ ಎಂದು ಹೆಸರಿಟ್ಟವರು ಕ್ರಿಶ್ಚಿಯನ್ ಡಿ ಡ್ಯೂವ್, 1963ರಲ್ಲಿ. ಜೀವಕೋಶದೊಳಗೆ ಕಸ ಅರಗಿಸುವ ಲೈಸೊಸೋಮ್ ಎಂಬ ಚೀಲಗಳನ್ನು ಅವರು ಅದಕ್ಕೂ ಮೊದಲೇ ಕಂಡುಹಿಡಿದಿದ್ದರು, ಅದೂ ಇಲಿಯ ಲಿವರ್‌ನಲ್ಲಿ. ಈ ವ್ಯವಸ್ಥೆಯನ್ನು ನಡೆಸುವ ಜೀನ್‌ಗಳನ್ನು ಯೀಸ್ಟ್‌ನಲ್ಲಿ ಹುಡುಕಿ ತೆಗೆದ ಯೊಶಿನೊರಿ ಒಸುಮಿ ಅವರಿಗೆ 2016ರ ನೊಬೆಲ್ ಬಂತು. ನಡೆಯುವುದು ಇಷ್ಟು: ಕೆಟ್ಟುಹೋದ ಭಾಗದ ಸುತ್ತ ಎರಡು ಪದರದ ಪೊರೆಯೊಂದು ಬೆಳೆದು ಅದನ್ನು ಪೂರ್ತಿ ಮುಚ್ಚುತ್ತದೆ. ಆ ಪೊಟ್ಟಣ ಲೈಸೊಸೋಮ್‌ಗೆ ಹೋಗಿ ಸೇರಿಕೊಳ್ಳುತ್ತದೆ. ಒಳಗಿನ ಕಿಣ್ವಗಳು ಅದನ್ನು ಅಮೈನೊ ಆಮ್ಲ, ಕೊಬ್ಬಿನ ಆಮ್ಲಗಳಾಗಿ ಒಡೆಯುತ್ತವೆ. ಜೀವಕೋಶ ಅವನ್ನು ಮತ್ತೆ ಬಳಸಿಕೊಳ್ಳುತ್ತದೆ.

ಬೆಳೆಯುತ್ತಿರುವ ಲಿವರ್‌ಗೆ ಇದು ಬೇಕೇ ಬೇಕು. ನಿಮ್ಮ ಯಜಮಾನರ ಲಿವರ್ ಈಗ ಮೊದಲಿಗಿಂತ ಚಿಕ್ಕದಾಗಿದ್ದುಕೊಂಡು ಇಡೀ ದೇಹದ ಕೆಲಸ ಮಾಡಬೇಕು, ಜೊತೆಗೆ ತಾನೂ ಬೆಳೆಯಬೇಕು. ಎರಡಕ್ಕೂ ಶಕ್ತಿ ಒದಗಿಸುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಪುಟ್ಟ ಶಕ್ತಿ ಘಟಕಗಳು. ಅವುಗಳಲ್ಲಿ ಹಾಳಾದವನ್ನು ಹೊತ್ತುಹೊತ್ತಿಗೆ ತೆಗೆದುಹಾಕದಿದ್ದರೆ ಶಕ್ತಿ ಕುಂದುತ್ತದೆ, ವಿಷಕಾರಿ ಕಣಗಳು ಸೋರತೊಡಗುತ್ತವೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಟೋಫಜಿಗೆ ಬೇಕಾದ ಒಂದು ಜೀನನ್ನು ಇಲಿಗಳ ಲಿವರ್‌ನಿಂದ ಮಾತ್ರ ತೆಗೆದು, ಆಮೇಲೆ ಲಿವರ್‌ನ ಬಹುಪಾಲನ್ನು ಕತ್ತರಿಸಿ ನೋಡಿದರು. ಬೆಳವಣಿಗೆ ಕುಂಠಿತವಾಯಿತು. ಜೀವಕೋಶಗಳು ಒಡೆದು ಎರಡಾಗುವ ಬದಲು ಊದಿಕೊಂಡವು, ಅಕಾಲದಲ್ಲಿ ಮುಪ್ಪಾದವು. ಅವುಗಳ ಶಕ್ತಿಯ ದಾಸ್ತಾನು ಬರಿದಾಗಿತ್ತು.

ಹಾಗಾದರೆ ಉಪವಾಸ ಮಾಡಿ ಆಟೋಫಜಿ ಹೆಚ್ಚಿಸಿದರೆ ಒಳ್ಳೆಯದಲ್ಲವೇ ಎಂದು ನಿಮ್ಮ ಯಜಮಾನರು ಕೇಳಬಹುದು. ಎಡವುವುದು ಇಲ್ಲೇ. ಆರೋಗ್ಯವಂತ ಲಿವರ್‌ನಲ್ಲಿ ಈ ಶುಚಿ ಕೆಲಸ ಊಟ ಮಾಡಿದ ದಿನವೂ ನಡೆಯುತ್ತಲೇ ಇರುತ್ತದೆ, ಅದಕ್ಕೆ ಹಸಿವು ಬೇಕಿಲ್ಲ. ಹಸಿವಿನಲ್ಲಿ ಹೆಚ್ಚುವುದು ಬೇರೆ ಲೆಕ್ಕದ್ದು: ಕೆಟ್ಟದ್ದರ ಜೊತೆಗೆ ಒಳ್ಳೆಯದನ್ನೂ ಒಡೆದು ಮೆದುಳಿಗೆ, ರಕ್ತಕ್ಕೆ ಆಹಾರ ಒದಗಿಸುವುದು. ಎರಡು ದಿನ ಉಪವಾಸ ಕೆಡವಿದ ಇಲಿಯ ಲಿವರ್ ತನ್ನ ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಬೆಳೆಯಬೇಕಾದ ಹೊತ್ತಿನಲ್ಲಿ ಕರಗುವುದು ಯಾರಿಗೆ ಬೇಕು? ಇನ್ನೊಂದು ಸಾಕ್ಷಿ ರಾಪಮೈಸಿನ್ ಎಂಬ ಔಷಧ. ಅದು ಆಟೋಫಜಿಯನ್ನು ಹೆಚ್ಚಿಸುತ್ತದೆ. ಆದರೆ ಬೆಳವಣಿಗೆಗೆ ಅಪ್ಪಣೆ ಕೊಡುವ ಎಂ-ಟಾರ್ ಎಂಬ ಸ್ವಿಚ್ಚನ್ನು ಆರಿಸಿಯೇ ಅದು ಹಾಗೆ ಮಾಡುವುದು. ಲಿವರ್ ಕತ್ತರಿಸಿದ ಇಲಿಗಳಿಗೆ ಅದನ್ನು ಕೊಟ್ಟಾಗ ಜೀವಕೋಶಗಳ ವಿಭಜನೆ ತಗ್ಗಿತು. ಉಪವಾಸವೂ ಇದೇ ಸ್ವಿಚ್ಚನ್ನು ಆರಿಸುತ್ತದೆ. ಊಟದ ಪ್ರೋಟೀನು, ಊಟವಾದ ಮೇಲೆ ಏರುವ ಇನ್ಸುಲಿನ್ನು ಅದನ್ನು ಹೊತ್ತಿಸುತ್ತವೆ.

ಇದೇ ಸಂದೇಶ ಸಿರೋಸಿಸ್ ಇರುವವರ ಫೋನಿಗೂ ಹೋಗುತ್ತಿದೆ. ನನಗೆ ನಿಜಕ್ಕೂ ದಿಗಿಲಾಗುವುದು ಅದರಿಂದ. ಅವರ ಲಿವರ್ ಗಾಯದ ಕಲೆಯಿಂದ ಗಟ್ಟಿಯಾಗಿರುತ್ತದೆ, ಸಕ್ಕರೆಯ ದಾಸ್ತಾನು ಇಡಲು ಅದರಲ್ಲಿ ಜಾಗವಿರುವುದಿಲ್ಲ. ಒಂದು ರಾತ್ರಿ ಹೊಟ್ಟೆ ಖಾಲಿ ಇದ್ದರೆ ಸಾಕು, ಗಟ್ಟಿಮುಟ್ಟಾದವರು ಎರಡು ಮೂರು ದಿನ ಉಪವಾಸವಿದ್ದಷ್ಟು ಅವರ ದೇಹ ಸೊರಗುತ್ತದೆ, ಮಾಂಸಖಂಡ ಕರಗುತ್ತದೆ. ಅದಕ್ಕೇ ಅವರಿಗೆ ಮಲಗುವ ಮುನ್ನ ಏನಾದರೂ ತಿನ್ನಿ ಎಂದು ಡಾಕ್ಟರು ಹೇಳುವುದು. ನಿಮ್ಮ ನೆಂಟರಲ್ಲಿ ಅಂಥವರಿದ್ದರೆ ಈ ಉತ್ತರವನ್ನು ಅವರಿಗೂ ತಲುಪಿಸಿ.

ನಿಮ್ಮ ಮನೆಯ ಊಟ ಸಾಕು: ಅಕ್ಕಿ ರೊಟ್ಟಿ, ಮೊಟ್ಟೆ, ಮೀನು, ಕೋಳಿ, ಕಾಳು. ಪಂದಿ ಕರಿಯ (ಹಂದಿ ಮಾಂಸದ ಅಡುಗೆಯ) ಕೊಬ್ಬು ಯಾವಾಗಿನಿಂದ ಪರವಾಗಿಲ್ಲ ಎಂದು ಆಹಾರ ತಜ್ಞರನ್ನು ಕೇಳಿ. ಕೈಲ್‌ಪೊಳ್ದ್ ಹಬ್ಬ ಬರಲಿ, ಮದುವೆ ಬರಲಿ, ಯಾರೇ ಮದ್ಯದ ಲೋಟ ಕೈಗಿಟ್ಟರೂ ಸದ್ಯಕ್ಕೆ ಬೇಡವೆಂದೇ ಹೇಳಬೇಕು. ದೀರ್ಘಕಾಲ ಕುಡಿಯುವವರ ಲಿವರ್‌ನಲ್ಲಿ ಈ ಶುಚಿ ಕೆಲಸವೇ ಮಂದವಾಗುತ್ತದೆ.

ಇನ್ನೊಂದು ಮಾತು. ಕೊಡಗಿನ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುವುದು ನಿಮಗೆಲ್ಲ ಗೊತ್ತಿರುವುದೇ. ಕಾಮಾಲೆಯಲ್ಲೂ ಮೂತ್ರದ ಬಣ್ಣ ಗಾಢವಾಗುತ್ತದೆ. ಆಪರೇಷನ್ ಆದ ವರ್ಷ ಈ ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವುದು ಬೇಡ. ಪಾಯಸವಾಗಲಿ, ಕಷಾಯವಾಗಲಿ ಡಾಕ್ಟರನ್ನು ಕೇಳಿಯೇ ಕೊಡಿ. ಕಣ್ಣಿನ ಬಿಳಿಭಾಗ ಹಳದಿಯಾದರೆ, ಜ್ವರ ಬಂದರೆ, ಹೊಟ್ಟೆ ಉಬ್ಬಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ.