ಎತ್ತರದ ಕ್ಯಾಮೆರಾ, ತಿರುಗದ ಕತ್ತು

ಮೈದಾನದ ಪಕ್ಕದ ಗೋಡೆ ಹತ್ತಿ ಕುಳಿತವನಿಗೆ ಕಾಣುವ ಫುಟ್‌ಬಾಲ್ ಒಂದು, ಒಳಗೆ ಆಡುವವನಿಗೆ ಕಾಣುವ ಫುಟ್‌ಬಾಲ್ ಇನ್ನೊಂದು. ಗೋಡೆಯ ಮೇಲಿನವನು ‘ಎಡಗಡೆ ಖಾಲಿ ಇದೆ, ಅಲ್ಲಿಗೆ ಕೊಡು’ ಎಂದು ಕೂಗುತ್ತಾನೆ. ಅವನು ಹೇಳುವುದು ಸರಿಯಾಗಿಯೇ ಇರುತ್ತದೆ. ಆದರೆ ಚೆಂಡನ್ನು ಕಾಲಲ್ಲಿ ಇಟ್ಟುಕೊಂಡ ಹುಡುಗನಿಗೆ ಕಾಣುವುದು ಎದುರಾಳಿಯ ಎದೆ, ನಾಲ್ಕಾರು ಮೊಣಕಾಲು, ಒಂದಿಷ್ಟು ಧೂಳು. ಬೆಂಗಳೂರಿನಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ತರಬೇತಿ ಕೊಡುವ ನನಗೆ ಈ ಎರಡು ನೋಟಗಳ ನಡುವಿನ ಅಂತರವನ್ನು ಕಡಿಮೆ ಮಾಡುವುದೇ ದಿನನಿತ್ಯದ ಕೆಲಸ. ಈಗ ಆ ಗೋಡೆ ಮನೆಯ ಟಿವಿಯೊಳಗೂ ಎದ್ದು ನಿಂತಿದೆ.

‘ಸರ್, ಮಗ ಮನೆಯಲ್ಲಿ ಫುಟ್‌ಬಾಲ್ ವಿಡಿಯೊ ಗೇಮ್ ಆಡುತ್ತಾನೆ. ಅದರಿಂದ ಅವನ ಆಟಕ್ಕೆ ಒಳ್ಳೆಯದಾಗುತ್ತದೆಯೇ, ಕೆಟ್ಟದ್ದೇ?’ ಎಂದು ಪೋಷಕರು ಕೇಳುತ್ತಾರೆ. ಅವರು ಕೇಳುವುದು ಹೆಚ್ಚಾಗಿ ಒಂದೇ ಗೇಮ್ ಬಗ್ಗೆ. 1993ರಲ್ಲಿ ‘ಫಿಫಾ’ ಹೆಸರಿನಲ್ಲಿ ಶುರುವಾಗಿ, 2022ರಲ್ಲಿ ಬಂದ ‘ಫಿಫಾ 23’ರವರೆಗೆ ಅದೇ ಹೆಸರಿನಲ್ಲಿ ನಡೆದು, ಜಾಗತಿಕ ಫುಟ್‌ಬಾಲ್ ಆಡಳಿತ ಸಂಸ್ಥೆ ಫಿಫಾದೊಂದಿಗಿನ ಒಪ್ಪಂದ ಮುಗಿದ ಮೇಲೆ 2023ರಿಂದ ‘ಇಎ ಸ್ಪೋರ್ಟ್ಸ್ ಎಫ್‌ಸಿ’ ಆಗಿರುವ ಗೇಮ್ ಅದು. ಮಕ್ಕಳ ಬಾಯಲ್ಲಿ ಅದು ಇನ್ನೂ ‘ಫಿಫಾ’ ಎಂದೇ ಉಳಿದಿದೆ. ನಾನೂ ಅದನ್ನು ಆಡಿದ್ದೇನೆ, ಮಕ್ಕಳ ಜೊತೆ ಕುಳಿತು ಗಮನಿಸಿದ್ದೇನೆ. ಅದು ಕಲಿಸುವುದು ಬಹಳಷ್ಟಿದೆ. ಆದರೆ ಅದರ ದೊಡ್ಡ ಗುಣವೂ ದೊಡ್ಡ ಕೊರತೆಯೂ ಹುಟ್ಟುವುದು ಒಂದೇ ಜಾಗದಿಂದ. ಆ ಜಾಗ ಅದರ ಕ್ಯಾಮೆರಾ.

ಮೊದಲು ಗುಣದ ಮಾತು. ಟಿವಿ ಪ್ರಸಾರದಲ್ಲಿ ಕಾಣುವ ಹಾಗೆಯೇ ಈ ಗೇಮ್‌ನ ಕ್ಯಾಮೆರಾ ಮೈದಾನದ ಪಕ್ಕದಿಂದ, ಎತ್ತರದಿಂದ ನೋಡುತ್ತದೆ. ಹಾಗೆ ನೋಡಿದಾಗ ತಂಡಕ್ಕೆ ಒಂದು ಆಕಾರ ಇರುವುದು ಕಾಣುತ್ತದೆ. ಹಿಂದೆ ಹನ್ನೆರಡು ವರ್ಷದ ಹುಡುಗನಿಗೆ 4-2-3-1 (ಗೋಲ್‌ಕೀಪರ್ ಮುಂದೆ ನಾಲ್ವರು, ಅವರ ಮುಂದೆ ಇಬ್ಬರು, ಮೂವರು, ತುದಿಯಲ್ಲಿ ಒಬ್ಬ) ಎಂದರೆ ಏನೆಂದು ವಿವರಿಸಲು ಬಾಟಲಿಯ ಮುಚ್ಚಳಗಳನ್ನು ನೆಲದ ಮೇಲೆ ಹರಡಿ ಅರ್ಧ ಗಂಟೆ ಕುಳಿತುಕೊಳ್ಳುತ್ತಿದ್ದೆ. ಈಗಿನ ಹುಡುಗ ಅದನ್ನು ತಿಳಿದುಕೊಂಡೇ ಬರುತ್ತಾನೆ. ಅಂಚಿನಲ್ಲಿ ದಾಳಿ ಮಾಡುವ ವಿಂಗರ್ ಒಳಕ್ಕೆ ಬಂದರೆ ಅದೇ ಅಂಚಿನ ಡಿಫೆಂಡರ್ ಆದ ಫುಲ್‌ಬ್ಯಾಕ್ ಹೊರಗಿನಿಂದ ಓಡಬೇಕು, ಡಿಫೆಂಡರ್‌ಗಳ ನಡುವೆ ಚೆಂಡು ನುಗ್ಗಿಸಬೇಕಾದರೆ ಫಾರ್ವರ್ಡ್ ಓಟ ಶುರುಮಾಡುವ ಕ್ಷಣಕ್ಕೆ ಸರಿಯಾಗಿ ಪಾಸ್ ಹೊರಡಬೇಕು, ಅರ್ಧ ಸೆಕೆಂಡ್ ತಡವಾದರೆ ಆಫ್‌ಸೈಡ್: ಇವೆಲ್ಲ ಅವನಿಗೆ ಗೊತ್ತು. ಹೇಳಿಸಿಕೊಂಡು ಕಲಿತದ್ದಲ್ಲ, ನೂರಾರು ಸಲ ತಪ್ಪು ಮಾಡಿ ಕಲಿತದ್ದು. ತರಬೇತುದಾರನಿಗೆ ಇದು ಸಣ್ಣ ಉಪಕಾರವಲ್ಲ.

ಡಿಫೆನ್ಸ್ ವಿಷಯದಲ್ಲೂ ಈ ಗೇಮ್ ಒಂದು ಒಳ್ಳೆಯ ತಿರುವು ತೆಗೆದುಕೊಂಡಿತು. ಮೊದಲು ಒಂದು ಬಟನ್ ಒತ್ತಿ ಹಿಡಿದರೆ ಸಾಕಿತ್ತು, ನಮ್ಮ ಆಟಗಾರ ತಾನಾಗಿ ಓಡಿಹೋಗಿ ಚೆಂಡು ಕಿತ್ತುಕೊಳ್ಳುತ್ತಿದ್ದ. 2011ರಲ್ಲಿ ಬಂದ ‘ಫಿಫಾ 12’ ಇದನ್ನು ಬದಲಿಸಿತು. ಎದುರಾಳಿಯಿಂದ ಅಳತೆಯ ದೂರ ಕಾಯ್ದುಕೊಂಡು, ಅವನ ದಾರಿಗೆ ಅಡ್ಡ ನಿಂತು, ಸಮಯ ನೋಡಿ ಕಾಲು ಹಾಕಬೇಕಾಯಿತು. ಆಗ ಅನೇಕರು ಗೊಣಗಿದರು. ನನಗೆ ಮಾತ್ರ ಬಹಳ ಸಂತೋಷವಾಯಿತು. ‘ಮೇಲೆ ಬೀಳಬೇಡ, ತಡೆದು ನಿಲ್ಲು’ ಎಂದು ನಾನು ಗಂಟಲು ಹರಿಯುವಂತೆ ಕೂಗುವುದನ್ನೇ ಅದು ಬೆರಳಿಗೆ ಕಲಿಸುತ್ತಿತ್ತು.

ಆಟಗಾರರ ಚಲನೆಯೂ ಈಗ ನಂಬಲರ್ಹ. ‘ಫಿಫಾ 22’ಕ್ಕಾಗಿ ಇಪ್ಪತ್ತೆರಡು ಆಟಗಾರರಿಗೆ ಸೆನ್ಸರ್ ಇರುವ ಉಡುಪು ತೊಡಿಸಿ, ಪಂದ್ಯವನ್ನೇ ಆಡಿಸಿ ಚಲನೆಯನ್ನು ದಾಖಲಿಸಿದರು. ರಿಪ್ಲೇ ನಿಲ್ಲಿಸಿ ‘ಶಾಟ್ ಹೊಡೆಯುವಾಗ ಊರಿದ ಕಾಲು ಎಲ್ಲಿದೆ ನೋಡು, ಮೈ ಎಷ್ಟು ಬಾಗಿದೆ ನೋಡು’ ಎಂದು ತೋರಿಸಬಹುದಾದಷ್ಟು ನಿಖರತೆ ಇದೆ. ಅದೇ ‘ಫಿಫಾ 22’ರಲ್ಲಿ ಇಂಡಿಯನ್ ಸೂಪರ್ ಲೀಗ್ ಕೂಡ ಸೇರಿತು. ನಮ್ಮ ಮಕ್ಕಳು ಬೆಂಗಳೂರು ಎಫ್‌ಸಿಯನ್ನು ಆರಿಸಿಕೊಂಡು ಸುನಿಲ್ ಛೆಟ್ರಿಯಿಂದ ಗೋಲು ಹೊಡೆಸಬಹುದಾಯಿತು. ‘ಫಿಫಾ 16’ರಲ್ಲಿ ಮೊದಲ ಬಾರಿಗೆ ಮಹಿಳೆಯರ ರಾಷ್ಟ್ರೀಯ ತಂಡಗಳು ಬಂದದ್ದೂ ನನಗೆ ಅಷ್ಟೇ ಮುಖ್ಯ. ನನ್ನ ಬ್ಯಾಚಿನಲ್ಲಿ ಹೆಣ್ಣುಮಕ್ಕಳಿದ್ದಾರೆ.

ಇನ್ನು ಕೊರತೆ. ಎತ್ತರದ ಕ್ಯಾಮೆರಾ ಎಲ್ಲವನ್ನೂ ಪುಕ್ಕಟೆಯಾಗಿ ತೋರಿಸುತ್ತದೆ. ಬೆನ್ನ ಹಿಂದೆ ಯಾರಿದ್ದಾರೆ ಎಂದು ತಿಳಿಯಲು ಗೇಮ್ ಆಡುವವನು ಏನೂ ಮಾಡಬೇಕಾಗಿಲ್ಲ. ಮೈದಾನದಲ್ಲಿ ಆ ಮಾಹಿತಿಯನ್ನು ದುಡಿದು ಗಳಿಸಬೇಕು. ಚೆಂಡು ತನ್ನ ಕಡೆ ಬರುವ ಮೊದಲೇ ಎಡ ಭುಜದ ಮೇಲಿಂದ ಒಮ್ಮೆ, ಬಲ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿ, ಕಂಡದ್ದನ್ನು ತಲೆಯಲ್ಲಿಟ್ಟುಕೊಂಡು, ಮತ್ತೆ ಚೆಂಡಿನ ಕಡೆ ಕಣ್ಣು ತರಬೇಕು. ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇಂಗ್ಲಿಷ್ ಪ್ರೀಮಿಯರ್ ಲೀಗ್ ಆಟಗಾರರು ಹೀಗೆ ಎಷ್ಟು ಸಲ ಕತ್ತು ತಿರುಗಿಸುತ್ತಾರೆ ಎಂದು ವಿಡಿಯೊ ನೋಡಿ ಎಣಿಸಿದವರು. ಹೆಚ್ಚು ಸಲ ನೋಡಿಕೊಳ್ಳುವವರ ಮುನ್ನಡೆಯ ಪಾಸ್‌ಗಳು ಹೆಚ್ಚು ಸಫಲವಾಗುತ್ತವೆ ಎಂಬುದು ಅವರಿಗೆ ಕಂಡ ಸಂಗತಿ. ಚೆಲ್ಸಿಯ ಮಿಡ್‌ಫೀಲ್ಡರ್ ಆಗಿದ್ದ ಫ್ರಾಂಕ್ ಲ್ಯಾಂಪಾರ್ಡ್ ಆ ಎಣಿಕೆಯಲ್ಲಿ ಮುಂಚೂಣಿಯಲ್ಲಿದ್ದರು. ಮಿಡ್‌ಫೀಲ್ಡರ್‌ನ ಕೆಲಸದಲ್ಲಿ ಅರ್ಧ ಭಾಗ ಕತ್ತಿನದು ಎಂದೇ ನಾನು ಮಕ್ಕಳಿಗೆ ಹೇಳುತ್ತೇನೆ. ಗೇಮ್‌ನಲ್ಲಿ ಕತ್ತಿಗೆ ಕೆಲಸವೇ ಇಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಪಾಸ್ ಕೊಟ್ಟ ಕೂಡಲೇ ನಿಯಂತ್ರಣ ಆ ಆಟಗಾರನಿಂದ ಚೆಂಡು ಪಡೆಯುವವನಿಗೆ ಹಾರುತ್ತದೆ. ಅಂದರೆ ತಂಡ ದಾಳಿ ಮಾಡುವಾಗ ಹುಡುಗ ಸದಾ ಚೆಂಡಿನ ಜೊತೆಗೇ ಇರುತ್ತಾನೆ. ಉಳಿದ ಹತ್ತು ಜನ ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನಿಜವಾದ ತೊಂಬತ್ತು ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಕೆಲವೇ ನಿಮಿಷ. ಮಿಕ್ಕ ಹೊತ್ತೆಲ್ಲ ಅವನು ಜಾಗ ಮಾಡಿಕೊಳ್ಳುತ್ತಾ, ಜಾಗ ಮುಚ್ಚುತ್ತಾ, ತನಗೆ ಬಾರದ ಚೆಂಡಿಗಾಗಿ ಓಡುತ್ತಾ ಇರುತ್ತಾನೆ. ಹಾಗೆ ಓಡಿದ ಓಟಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಆದರೆ ಅದರಿಂದಲೇ ಗೋಲು ಹುಟ್ಟುತ್ತದೆ. ಗೇಮ್ ನಮ್ಮ ಕೈಗೆ ಕೊಡುವುದು ಆ ಕೆಲವು ನಿಮಿಷಗಳನ್ನು. ಉಳಿದದ್ದನ್ನು ತಾನೇ ಆಡಿಕೊಳ್ಳುತ್ತದೆ. ಡಿಫೆನ್ಸ್‌ನಲ್ಲೂ ಅಷ್ಟೇ, ಇನ್ನೊಬ್ಬ ಆಟಗಾರನನ್ನು ಎದುರಾಳಿಯ ಮೇಲೆ ಕಳಿಸಲು ಒಂದು ಬಟನ್ ಇದೆ. ಮೈದಾನದಲ್ಲಿ ಆ ಇನ್ನೊಬ್ಬನನ್ನು ಕೂಗಿ ಕರೆಯಬೇಕು, ಅವನ ಎದೆಯಲ್ಲಿ ಉಸಿರು ಉಳಿದಿರಬೇಕು.

ವೇಗದ ಮೋಹದ ಬಗ್ಗೆಯೂ ಹೇಳಬೇಕು. ಈ ಗೇಮ್ ಗೋಲ್‌ಕೀಪರ್ ಬಿಟ್ಟು ಪ್ರತಿ ಆಟಗಾರನಿಗೂ ವೇಗ, ಶಾಟ್, ಪಾಸ್, ಡ್ರಿಬ್ಲಿಂಗ್, ಡಿಫೆನ್ಸ್, ದೈಹಿಕ ಬಲ ಎಂದು ಆರು ಮುಖ್ಯ ಅಂಕಗಳನ್ನು ಕೊಡುತ್ತದೆ. ಆನ್‌ಲೈನಿನಲ್ಲಿ ಗೆಲ್ಲಲು ಅವುಗಳಲ್ಲಿ ವೇಗವೇ ಮೇಲುಗೈ ಎಂದು ಮಕ್ಕಳು ಬೇಗ ಕಂಡುಕೊಳ್ಳುತ್ತಾರೆ. 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದ ಮಧ್ಯದಲ್ಲಿದ್ದು, ಬಾರ್ಸಿಲೋನಾದ ಆಟಕ್ಕೆ ವರ್ಷಗಟ್ಟಲೆ ತಾಳ ಹಾಕಿದ ಸೆರ್ಜಿಯೊ ಬುಸ್ಕೆಟ್ಸ್ ಅವರ ವೇಗದ ಅಂಕ ಕೊನೆಯ ಹಲವು ವರ್ಷ ಐವತ್ತನ್ನೂ ಮುಟ್ಟುತ್ತಿರಲಿಲ್ಲ. ಅಂಕ ತಪ್ಪಲ್ಲ, ಅವರು ನಿಧಾನಿಯೇ. ಆದರೆ ಅವರ ದೊಡ್ಡತನ ಇದ್ದದ್ದು ಓಡಬೇಕಾದ ಅಗತ್ಯವೇ ಬಾರದಂತೆ ಮೊದಲೇ ಸರಿಯಾದ ಜಾಗದಲ್ಲಿ ನಿಲ್ಲುವುದರಲ್ಲಿ. ಅದನ್ನು ಅಂಕಕ್ಕೆ ಇಳಿಸುವುದು ಕಷ್ಟ, ಬಟನ್‌ಗೆ ಇಳಿಸುವುದು ಇನ್ನೂ ಕಷ್ಟ. ತಂಡದಲ್ಲಿ ನಿಧಾನವಾಗಿ ಓಡುವ, ಚೆನ್ನಾಗಿ ಯೋಚಿಸುವ ಹುಡುಗನೊಬ್ಬ ತನ್ನನ್ನು ತಾನೇ ಕಡಿಮೆ ಅಂಕದವನೆಂದು ಭಾವಿಸಿಕೊಂಡರೆ ನನಗೆ ನಿಜವಾಗಿ ನೋವಾಗುತ್ತದೆ. ಅಂಥವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬುಸ್ಕೆಟ್ಸ್ ಆಡಿದ ಹಳೆಯ ಪಂದ್ಯ ತೋರಿಸುತ್ತೇನೆ.

ಹಣ ಕೊಟ್ಟು ಪ್ಯಾಕ್ ತೆರೆಯುವ, ಒಳಗೆ ಯಾವ ಆಟಗಾರ ಬರುತ್ತಾನೆಂದು ಅದೃಷ್ಟಕ್ಕೆ ಬಿಡುವ ‘ಅಲ್ಟಿಮೇಟ್ ಟೀಮ್’ ಭಾಗದ ಬಗ್ಗೆ ಪೋಷಕರಿಗೆ ಒಂದೇ ಮಾತು. ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲಿ ಇದನ್ನು ಕಾನೂನುಬಾಹಿರ ಜೂಜಿನ ಸಾಲಿಗೆ ಸೇರಿಸಿತು, ಮರುವರ್ಷದ ಆರಂಭದಲ್ಲಿ ಆ ದೇಶದಲ್ಲಿ ಪ್ಯಾಕ್ ಕೊಳ್ಳಲು ಹಣ ಕೊಟ್ಟು ಪಡೆಯುವ ಪಾಯಿಂಟ್‌ಗಳ ಮಾರಾಟ ನಿಂತಿತು. ನೆದರ್‌ಲ್ಯಾಂಡ್ಸ್‌ನ ಉನ್ನತ ನ್ಯಾಯಪೀಠ 2022ರಲ್ಲಿ ಇದಕ್ಕೆ ವಿರುದ್ಧವಾದ ತೀರ್ಪು ಕೊಟ್ಟಿತು. ಕಾನೂನಿನ ಉತ್ತರ ಏನೇ ಇರಲಿ, ಅದರಲ್ಲಿ ಕಲಿಯುವ ಫುಟ್‌ಬಾಲ್ ಏನೂ ಇಲ್ಲ. ಗೇಮ್‌ನಲ್ಲಿ ಕಾರ್ಡಿನ ವಿವರ ಉಳಿಸದಂತೆ ನೋಡಿಕೊಳ್ಳಿ.

ಹಾಗಾದರೆ ಯಾವುದನ್ನು ಆಡಬೇಕು? ಇಡೀ ತಂಡದ ಬದಲು ಒಬ್ಬನೇ ಆಟಗಾರನಾಗಿ ಆಡುವ ಬಗೆಯೂ ಇದರಲ್ಲಿದೆ. ಅಲ್ಲಿ ಕ್ಯಾಮೆರಾವನ್ನು ಆ ಆಟಗಾರನ ಬೆನ್ನ ಹಿಂದಕ್ಕೆ ಇಳಿಸಿಕೊಳ್ಳಬಹುದು. ಚೆಂಡಿಲ್ಲದಾಗ ಜಾಗ ಬಿಟ್ಟು ಅಲೆದರೆ ರೇಟಿಂಗ್ ಇಳಿಯುತ್ತದೆ. ಮೊದಲ ದಿನ ಮಕ್ಕಳಿಗೆ ಬೇಸರವಾಗುತ್ತದೆ, ‘ನನಗೆ ಚೆಂಡೇ ಬರುವುದಿಲ್ಲ ಸರ್’ ಎನ್ನುತ್ತಾರೆ. ಅದೇ ಪಾಠ. ವಾರಕ್ಕೆ ಎರಡು ಪಂದ್ಯ ಹೀಗೆ ಆಡಿದರೂ ನನಗೆ ಸಾಕು.

ಇನ್ನೊಂದು ಅಭ್ಯಾಸ ನಾನೇ ರೂಢಿಸಿಕೊಂಡದ್ದು. ಶನಿವಾರ ರಾತ್ರಿ ಗೇಮ್‌ನಲ್ಲಿ ಹೊಡೆದ ಅತ್ಯುತ್ತಮ ಗೋಲಿನ ರಿಪ್ಲೇಯನ್ನು ಕೊನೆಯ ಪಾಸ್‌ಗೆ ಮೊದಲು ನಿಲ್ಲಿಸಿ, ಫೋಟೊ ತೆಗೆದುಕೊಂಡು ಬರಲು ಒಬ್ಬನಿಗೆ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಆ ಫೋಟೊದಲ್ಲಿ ಇರುವಂತೆಯೇ ಮಕ್ಕಳನ್ನು ಮಣ್ಣಿನ ಮೈದಾನದಲ್ಲಿ ನಿಲ್ಲಿಸುತ್ತೇವೆ. ಪಾಸ್ ಕೊಟ್ಟವನ ಜಾಗದಲ್ಲಿ ಅವನೇ ನಿಲ್ಲಬೇಕು.

ಕಳೆದ ವಾರದ ಹುಡುಗ ಹಾಗೆ ನಿಂತು ಬಹಳ ಹೊತ್ತು ಎದುರಿಗೇ ನೋಡಿದ.

‘ಎಡಗಡೆಯ ವಿಂಗರ್ ಕಾಣುತ್ತಾನೆಯೇ?’ ಎಂದು ಕೇಳಿದೆ.

‘ಇಲ್ಲ ಸರ್. ಇವನು ಅಡ್ಡ ನಿಂತಿದ್ದಾನೆ.’

‘ನಿನ್ನೆ ರಾತ್ರಿ ಅವನಿಗೇ ಅಲ್ಲವೇ ಪಾಸ್ ಕೊಟ್ಟದ್ದು?’

ಅವನು ಫೋಟೊ ನೋಡಿದ, ಎದುರಿಗಿದ್ದ ಡಿಫೆಂಡರ್‌ನನ್ನು ನೋಡಿದ. ‘ಚೆಂಡು ಬರುವ ಮೊದಲು ಕಾಣುತ್ತಿದ್ದ’ ಎಂದ. ಎಲ್ಲರನ್ನೂ ಹತ್ತು ಹೆಜ್ಜೆ ಹಿಂದಕ್ಕೆ ಕಳಿಸಿ, ಆ ಪಾಸ್‌ಗಿಂತ ನಾಲ್ಕು ಸೆಕೆಂಡ್ ಮೊದಲಿನಿಂದ ಮತ್ತೆ ಶುರು ಮಾಡಿದೆವು.