ಕಲ್ಲೂರಿನ ತಲೆಯ ಕಲ್ಲು ಕಿಡ್ನಿಗೆ ಇಳಿಯುತ್ತದಾ?

ಪ್ರಶ್ನೆ: ಮಾಸ್ಟ್ರೇ, ಕಲ್ಲೂರು ಮೀನಿನ ತಲೆಯಲ್ಲಿ ಬಿಳಿ ಕಲ್ಲು ಸಿಗುತ್ತದಲ್ಲ, ಅದು ಮೀನು ಮರಳು ತಿಂದು ಆಗುವುದಂತೆ. ನಮ್ಮ ಮನೆಯವರಿಗೆ ಹಿಂದೆ ಕಿಡ್ನಿ ಸ್ಟೋನ್ ಆಗಿತ್ತು. ತಲೆ ಹಾಕಿ ಸಾರು ಮಾಡಿದರೆ ತೊಂದರೆ ಉಂಟಾ?

ಇಲ್ಲ. ಧಾರಾಳವಾಗಿ ಮಾಡಿ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಬರುವ ತಿಂಗಳು ಉಪ್ಪಳದಿಂದಲೋ ಕುಂಬಳೆಯಿಂದಲೋ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಎಷ್ಟು ಸಲ ಹೇಳುವುದು? ಈ ಸಲ ಬುಡಸಮೇತ ಬರೆದುಬಿಡುತ್ತೇನೆ.

ಮೊದಲು ಮೀನು ಯಾವುದೆಂದು ಸರಿಯಾಗಿ ತಿಳಿದಿರಲಿ. ನಮ್ಮ ಮಾರ್ಕೆಟ್ಟಿನಲ್ಲಿ ತುಳುವರು ಕಲ್ಲೂರು ಎನ್ನುವುದಕ್ಕೆ ಮಲಯಾಳದವರು ಕೋರ ಎನ್ನುತ್ತಾರೆ. ಕೆಂಪಗಿರುವ ಪುಯ್ಯಾಪ್ಳ ಕೋರ ಬೇರೆ. ಅದು ನಮ್ಮ ಮದಿಮಾಲ್, ಈ ಕುಟುಂಬದ್ದೇ ಅಲ್ಲ.

ಇನ್ನು ಮರಳಿನ ಕತೆ. ಕಲ್ಲೂರು ಕಡಲ ತಳದಲ್ಲಿ ಮೇಯುವ ಮೀನು ಹೌದು. ಕಡಲ ತಳವನ್ನು ಗೋರುತ್ತಾ ಹೋಗುವ ಟ್ರಾಲ್ ಬಲೆಗೆ ಜಾಸ್ತಿ ಬೀಳುವುದೂ ಅದಕ್ಕೇ. ಆದರೆ ಅದು ತಿನ್ನುವುದು ಸಿಗಡಿ, ಏಡಿಮರಿ, ಹುಳ, ಸಣ್ಣ ಮೀನು. ನುಂಗಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಯಿಂದ ತಲೆಬುರುಡೆಯ ಒಳಗೆ ಹೋಗಲು ದಾರಿಯೇ ಇಲ್ಲ, ಮತ್ತೆ ಮರಳು ಹೇಗೆ ಹತ್ತಿತು?

ನನ್ನ ಮಾತು ಬೇಡ, ನೀವೇ ನೋಡಿ. ತಲೆ ಬೆಂದ ಮೇಲೆ ಬುರುಡೆಯನ್ನು ಹಿಂದಿನಿಂದ ಬಿಡಿಸಿ. ಮಿದುಳಿನ ಎಡಕ್ಕೊಂದು, ಬಲಕ್ಕೊಂದು ಕಲ್ಲು ಸಿಗುತ್ತದೆ. ಎರಡೂ ಒಂದೇ ಅಳತೆ. ಉಗುರಿಗೆ ಜಗ್ಗದಷ್ಟು ಗಟ್ಟಿ. ತೊಳೆದು ಬೆಳಕಿಗೆ ಹಿಡಿದರೆ ಒಂದು ಮಗ್ಗುಲಲ್ಲಿ ಗೊದಮೊಟ್ಟೆಯ ಹಾಗಿನ ಗುರುತು ಕಾಣುತ್ತದೆ, ತಲೆ ಬಾಲ ಸಮೇತ. ಈ ಕುಟುಂಬದ ಮೀನನ್ನು ಗುರುತು ಹಿಡಿಯುವುದೇ ಅದರಿಂದ. ಮಂಜೇಶ್ವರದಲ್ಲಿ ಹಿಡಿದದ್ದಕ್ಕೂ ಅದೇ ಗುರುತು, ಮುಂಬೈಯಲ್ಲಿ ಹಿಡಿದದ್ದಕ್ಕೂ ಅದೇ. ನುಂಗಿದ ಕಲ್ಲಾಗಿದ್ದರೆ ಇಷ್ಟೂ ಮೀನುಗಳು ಜೋಡಿ ನೋಡಿ, ಅಳತೆ ನೋಡಿ, ಗುರುತು ನೋಡಿ ನುಂಗಬೇಕಿತ್ತು, ಅಲ್ವಾ?

ಅದು ಕಿವಿಯ ಕಲ್ಲು. ವಿಜ್ಞಾನದವರು ಓಟೊಲಿತ್ ಎನ್ನುತ್ತಾರೆ. ಮೀನಿಗೆ ಹೊರಕಿವಿ ಇಲ್ಲ, ಒಳಕಿವಿ ಉಂಟು. ಶಬ್ದ ಕೇಳಲಿಕ್ಕೂ ನೀರಿನಲ್ಲಿ ಮೇಲು ಕೆಳಗು ತಿಳಿಯಲಿಕ್ಕೂ ಈ ಕಲ್ಲು ಬೇಕು. ಎಲುಬಿರುವ ಮೀನಿಗೆಲ್ಲ ಇಂಥದ್ದು ಮೂರು ಜೋಡಿ ಇರುತ್ತವೆ. ಬಂಗುಡೆಗೂ ಉಂಟು, ಬೂತಾಯಿಗೂ ಉಂಟು. ತೀರಾ ಸಣ್ಣದಾದ ಕಾರಣ ನಿಮ್ಮ ಹಲ್ಲಿಗೆ ಗೊತ್ತಾಗುವುದಿಲ್ಲ. ಬಂಗುಡೆ ತಿನ್ನುವಾಗ ಯಾರಿಗೂ ಕಿಡ್ನಿಯ ನೆನಪಾಗುವುದಿಲ್ಲ ನೋಡಿ! ಕಲ್ಲೂರಿನಲ್ಲಿ ಒಂದು ಜೋಡಿ ದೊಡ್ಡದಾಗಿ ಬೆಳೆಯುತ್ತದೆ, ಪಾಪ, ಅಪವಾದವೆಲ್ಲ ಅದರ ತಲೆಗೆ. ನಮ್ಮ ಒಳಕಿವಿಯಲ್ಲೂ ಇದೇ ವಸ್ತುವಿನ ಸಣ್ಣ ಹರಳುಗಳಿವೆ. ಅವು ಜಾಗ ತಪ್ಪಿದರೆ ಮಲಗಿದಲ್ಲಿ ಮಗ್ಗುಲು ಬದಲಿಸುವಾಗ ತಲೆ ಗಿರ್ರೆನ್ನುತ್ತದೆ.

ಇನ್ನು ಕಿಡ್ನಿ. ಮೀನಿನ ಕಿವಿಯ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಮನುಷ್ಯರ ಕಿಡ್ನಿಯಲ್ಲಿ ಆಗುವ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್. ಅದು ಹೊರಗಿನಿಂದ ಹೋಗಿ ಕೂರುವುದಲ್ಲ, ಮೂತ್ರ ಗಟ್ಟಿಯಾದಾಗ ಅಲ್ಲೇ ಹರಳುಗಟ್ಟುವುದು. ಮೀನಿನ ಕಲ್ಲನ್ನು ಸ್ವಲ್ಪ ವಿನೆಗರಿಗೆ ಹಾಕಿ ನೋಡಿ, ಸಣ್ಣಗೆ ಗುಳ್ಳೆ ಏಳುತ್ತವೆ. ಪಕ್ಕದಲ್ಲಿ ಒಂದು ಜಲ್ಲಿಯ ಚೂರು ಹಾಕಿ, ಅದು ಸುಮ್ನೆ ಕೂತಿರುತ್ತದೆ. ಹೊಟ್ಟೆಯಲ್ಲಿರುವ ಆಮ್ಲ ವಿನೆಗರಿಗಿಂತ ಜೋರು. ಅಪ್ಪಿತಪ್ಪಿ ನುಂಗಿದರೂ ಕರಗುತ್ತದೆ, ಇಲ್ಲವೇ ಮಾರನೇ ದಿನ ಹೊರಗೆ ಹೋಗುತ್ತದೆ. ಅಷ್ಟಕ್ಕೂ ಅದನ್ನು ತಿನ್ನುವವರು ಯಾರು? ಬಟ್ಟಲ ಬದಿಗೆ ಉಗಿಯುತ್ತೇವೆ. ಕಲ್ಲಿನಿಂದ ಹೆದರಿಕೆ ಇದ್ದರೆ ಅದು ಹಲ್ಲಿಗೆ ಮಾತ್ರ.

ನಿಮ್ಮ ಮನೆಯವರು ಮಾಡಬೇಕಾದ್ದು ನೀರು ಕುಡಿಯುವುದು, ಅದರಲ್ಲೂ ನಮ್ಮ ಏಪ್ರಿಲ್ ಸೆಕೆಯಲ್ಲಿ. ಯೂರಿಕ್ ಆಸಿಡ್ ಕಲ್ಲು ಆದವರಿಗೆ ಡಾಕ್ಟರು ಮೀನು, ಮಾಂಸ ಕಡಿಮೆ ಮಾಡಿ ಎನ್ನುವುದುಂಟು. ಹಾಗೆ ಹೇಳಿದ್ದರೆ ಕೇಳಿ. ಆದರೆ ಅಲ್ಲಿ ಲೆಕ್ಕ ಮೀನಿನ ಮಾಂಸದ್ದು, ತಲೆಯ ಕಲ್ಲಿನದಲ್ಲ. ಆ ಲೆಕ್ಕಕ್ಕೆ ಬೂತಾಯಿಯೂ ಒಂದೇ, ಕಲ್ಲೂರೂ ಒಂದೇ.

ಇನ್ನು ಕೆಲವರದ್ದು ಪೂರ್ತಿ ಉಲ್ಟಾ. ಈ ಕಲ್ಲನ್ನೇ ಅರೆದು ಬೊಂಡದ ನೀರಿನಲ್ಲಿ ಕುಡಿದರೆ ಕಿಡ್ನಿಯ ಕಲ್ಲು ಕರಗುತ್ತದಾ ಎಂದು ಕೇಳುತ್ತಾರೆ. ಆಚೆ ಮನೆಯಲ್ಲಿ ರೋಗ ತರುವ ಕಲ್ಲು ಈಚೆ ಮನೆಯಲ್ಲಿ ಮದ್ದು! ಬೊಂಡ ಕುಡಿಯಿರಿ, ಕಲ್ಲು ಬಿಸಾಡಿ.

ಬಿಸಾಡುವ ಮೊದಲು ಒಂದು ಮಾತು. ಸಂಶೋಧಕರಿಗೆ ಈ ಕಲ್ಲೇ ಮೀನಿನ ಜಾತಕ. ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆ ಸುತ್ತು ಸುತ್ತು ಗೆರೆಗಳು. ಅವನ್ನು ಎಣಿಸಿ ವಯಸ್ಸು ಹೇಳುತ್ತಾರೆ. ಮರಿಮೀನಿನಲ್ಲಿ ದಿನಕ್ಕೊಂದು ಗೆರೆಯಂತೆ ಸಿಗುವುದೂ ಉಂಟು. ಮೀನು ಎಷ್ಟು ವಯಸ್ಸಿಗೆ ಮೊಟ್ಟೆ ಇಡುತ್ತದೆಂದು ತಿಳಿದರೆ ತಾನೇ, ಅದಕ್ಕಿಂತ ಸಣ್ಣ ಮೀನು ತಪ್ಪಿಸಿಕೊಳ್ಳಲು ಬಲೆಯ ಕಣ್ಣು ಎಷ್ಟಿರಬೇಕೆಂದು ಹೇಳಲು ಸಾಧ್ಯ.

ಕೇಳುವ ಕಿವಿ ಮಾತ್ರವಲ್ಲ, ಈ ಮೀನಿಗೆ ಸ್ವರವೂ ಉಂಟು. ಹೊಟ್ಟೆಯೊಳಗಿನ ಗಾಳಿಚೀಲದ ಪಕ್ಕದ ಸ್ನಾಯುಗಳನ್ನು ಬಹಳ ವೇಗವಾಗಿ ಅದುರಿಸಿ ಗೊರಗೊರ ಎನ್ನುತ್ತದೆ, ಮೊಟ್ಟೆ ಇಡುವ ಕಾಲದಲ್ಲಂತೂ ಜಾಸ್ತಿ. ಮಲೇಷ್ಯಾದಲ್ಲಿ ನೀರಿಗೆ ತಲೆ ಮುಳುಗಿಸಿ, ಈ ಸ್ವರ ಕೇಳಿ, ಬಲೆ ಎಲ್ಲಿ ಹಾಕಬೇಕೆಂದು ಹೇಳುವ ಪಳಗಿದ ಮೀನುಗಾರರಿದ್ದರು.

ಗಾಳಿಚೀಲ ಎಂದ ಕೂಡಲೇ ನಿಮಗೆ ಒಂದೇ ಬಲೆಯ ಮೀನು ಕೋಟಿಗೆ ಹೋಯಿತೆನ್ನುವ ವಾಟ್ಸಾಪ್ ವಿಡಿಯೊ ನೆನಪಾಗಿರುತ್ತದೆ, ನನಗೆ ಗೊತ್ತು. ಅದು ಸುಳ್ಳಲ್ಲ. 2021ರಲ್ಲಿ ಮಹಾರಾಷ್ಟ್ರದ ಪಾಲ್ಘರಿನ ಮೀನುಗಾರರೊಬ್ಬರಿಗೆ 157 ಘೋಲ್ ಮೀನು ಸಿಕ್ಕಿ ಸುಮಾರು 1.33 ಕೋಟಿ ರೂಪಾಯಿಗೆ ಹೋಯಿತು. ಘೋಲ್ ಕೂಡ ಕಲ್ಲೂರಿನ ಕುಟುಂಬವೇ. ಗುಜರಾತ್ 2023ರಲ್ಲಿ ಅದನ್ನು ರಾಜ್ಯದ ಮೀನೆಂದು ಘೋಷಿಸಿತು. ದುಡ್ಡು ಮಾಂಸಕ್ಕಲ್ಲ, ಒಣಗಿಸಿದ ಗಾಳಿಚೀಲಕ್ಕೆ. ಚೀನಾ, ಹಾಂಗ್‌ಕಾಂಗ್ ಕಡೆ ಅದರ ಸೂಪಿಗೆ ಭಾರೀ ಬೆಲೆ. ಘೋಲ್ ಒಂದು ಮೀಟರಿಗಿಂತಲೂ ಉದ್ದ ಬೆಳೆಯುವ ಮೀನು, ಚೀಲವೂ ಹಾಗೇ ದಪ್ಪ.

ನಮ್ಮ ಚಟ್ಟಿಗೆ ಬರುವ ಗೇಣುದ್ದದ ಕಲ್ಲೂರಿನಲ್ಲೂ ಆ ಚೀಲ ಇದೆ. ಲಕ್ಷ ಬಿಡಿ, ಅದಕ್ಕೆ ಮೀನು ಕೊಯ್ಯುವ ಕೂಲಿಯೂ ಹುಟ್ಟುವುದಿಲ್ಲ. ಮಾರಲು ಹೋಗಬೇಡಿ. ಚೆನ್ನಾಗಿ ತೊಳೆದು ಮಸಾಲೆಗೇ ಹಾಕಿ, ತಿನ್ನಬಹುದು. ಮಾಂಸ ಮಾತ್ರ ಬಹಳ ಮೆತ್ತಗೆ, ಮೀನು ಹಾಕಿದ ಮೇಲೆ ಸೌಟು ಆಡಿಸಬೇಡಿ. ಚಟ್ಟಿಯನ್ನೇ ಹಿಡಿದು ಒಂದು ಸುತ್ತು ತಿರುಗಿಸಿದರೆ ಸಾಕು.