ಲೀಡರ್ ಸತ್ತ ದಿನ ನಾವು ಯಾವ ಲೆಕ್ಕ ನೋಡ್ತೀವಿ

2010ರ ಏಪ್ರಿಲ್ 18ಕ್ಕೆ ಇರಾಕಿನ ತಿಕ್ರಿತ್ ಹತ್ರ ಒಂದು ಅಡಗುತಾಣದ ಮೇಲೆ ಇರಾಕಿ ಮತ್ತು ಅಮೆರಿಕನ್ ಸೈನಿಕರು ದಾಳಿ ಮಾಡಿದ್ರು. ಅಲ್ಲಿ ಸತ್ತವರಲ್ಲಿ ಇಬ್ಬರು ಅಬು ಒಮರ್ ಅಲ್-ಬಾಗ್ದಾದಿ ಮತ್ತು ಅಬು ಅಯ್ಯೂಬ್ ಅಲ್-ಮಸ್ರಿ, ಅಂದ್ರೆ ಆಗ 'ಇಸ್ಲಾಮಿಕ್ ಸ್ಟೇಟ್ ಆಫ್ ಇರಾಕ್' ಅಂತ ಕರ್ಕೊಳ್ತಿದ್ದ, ಮುಂದೆ ಐಸಿಸ್ ಅಂತ ಹೆಸರಾದ ಸಂಘಟನೆಯ ಮೊದಲ ಮತ್ತು ಎರಡನೇ ತಲೆ ಎರಡೂ ಒಂದೇ ದಿನ ಹೋಯ್ತು. ಜೂನ್‌ನಲ್ಲಿ ಅಮೆರಿಕದ ಜನರಲ್ ರೇ ಒಡಿಯರ್ನೋ, ಮೇಲಿನ 42 ನಾಯಕರಲ್ಲಿ 34 ಜನ ಸತ್ತಿದ್ದಾರೆ ಇಲ್ಲಾ ಸಿಕ್ಕಿಬಿದ್ದಿದ್ದಾರೆ ಅಂತ ಲೆಕ್ಕ ಕೊಟ್ರು. ಉಗ್ರ ಸಂಘಟನೆಗಳ ಹೇಳಿಕೆ ಓದೋದು, ಹಣದ ಜಾಡು ಹಿಡಿಯೋದು ನನ್ನ ಕೆಲಸ, ಆ ಲೆಕ್ಕ ನೋಡಿ ಇನ್ನು ಇದು ಏಳಲ್ಲ ಅಂತ ನಾನೂ ನೋಟ್ ಬರೆದಿದ್ದೆ. ನಾಲ್ಕೇ ವರ್ಷ, 2014ರ ಜೂನ್ 10ಕ್ಕೆ ಅದೇ ಸಂಘಟನೆ ಮೋಸುಲ್ ನಗರನೇ ಹಿಡ್ಕೊಂಡಿತ್ತು. ಅಲ್ಲಿ ಕೂಲಿಗೆ ಹೋಗಿದ್ದ ನಮ್ಮ ದೇಶದ 39 ಜನರನ್ನ ಒತ್ತೆಯಾಗಿ ಹಿಡಿದು ಕೊಂದ್ರು, ಅವರು ಇಲ್ಲ ಅನ್ನೋ ಮಾತು ಮನೆಯವರಿಗೆ ಖಚಿತವಾಗಿ ತಿಳಿದಿದ್ದು 2018ರ ಮಾರ್ಚ್‌ನಲ್ಲಿ, ಅಷ್ಟು ವರ್ಷ ಆ ತಾಯಂದಿರು ಫೋನ್ ಬರುತ್ತೆ ಅಂತ ಕಾದಿದ್ರು.

ಆ ನೋಟ್‌ನಲ್ಲಿ ನಾನು ಮಾಡಿದ ತಪ್ಪು ಏನು ಅಂತ ಆಮೇಲೆ ತುಂಬಾ ಸಲ ಯೋಚಿಸಿದ್ದೀನಿ. ನಾನು ಸತ್ತವರನ್ನ ಎಣಿಸಿದ್ದೆ, ಉಳಿದಿದ್ದು ಏನು ಅಂತ ಎಣಿಸಿರ್ಲಿಲ್ಲ.

ಉಳಿದಿದ್ದು ಬಹಳ ಇತ್ತು. ಮೊದಲನೇದು ಆಫೀಸು. ಹೌದು, ಆಫೀಸೇ. ಇರಾಕಿನಲ್ಲಿ ಸೈನಿಕರ ಕೈಗೆ ಸಿಕ್ಕಿದ ಅವರ ಕಾಗದಪತ್ರಗಳಲ್ಲಿ ತಿಂಗಳ ಸಂಬಳದ ಪಟ್ಟಿ ಇತ್ತು, ಸತ್ತವರ ಮತ್ತು ಜೈಲಲ್ಲಿದ್ದವರ ಮನೆಗೆ ಎಷ್ಟು ದುಡ್ಡು ಹೋಗ್ಬೇಕು ಅನ್ನೋದೂ ಇತ್ತು. ಮೇಲಿನವನು ಸತ್ತ ತಿಂಗಳೂ ಕೆಳಗಿನವನ ಹೆಂಡತಿಗೆ ದುಡ್ಡು ಬರುತ್ತೆ ಅಂದ್ರೆ ಆ ಕೆಳಗಿನವನು ಬಿಟ್ಟು ಹೋಗಲ್ಲ, ಇದು ಸಿದ್ಧಾಂತಕ್ಕಿಂತ ಗಟ್ಟಿಯಾದ ಹಗ್ಗ. ಆ ದುಡ್ಡು ಎಲ್ಲಿಂದ? ಮೋಸುಲ್‌ನ ವ್ಯಾಪಾರಿಗಳಿಂದ, ಗುತ್ತಿಗೆದಾರರಿಂದ ಎತ್ತೋ ಹಫ್ತಾ. ಊರು ಸರ್ಕಾರದ ಕೈಲಿದ್ದಾಗ್ಲೂ ವಸೂಲಿ ನಿಂತಿರ್ಲಿಲ್ಲ.

ಎರಡನೇದು ಜೈಲು. ಹೊಸ ನಾಯಕನಾಗಿ ಬಂದ ಅಬು ಬಕರ್ ಅಲ್-ಬಾಗ್ದಾದಿ 2004ರಲ್ಲಿ ಅಮೆರಿಕನ್ನರ ಕ್ಯಾಂಪ್ ಬುಕ್ಕಾದಲ್ಲಿ ಬಂಧಿಯಾಗಿದ್ದವನು. ಸದ್ದಾಮನ ಸೈನ್ಯದಿಂದ ಹೊರಬಿದ್ದ ಅಧಿಕಾರಿಗಳು, ಜಿಹಾದಿಗಳು, ಏನೂ ಅಲ್ಲದ ಹುಡುಗರು, ಎಲ್ಲಾ ಒಂದೇ ಬೇಲಿ ಒಳಗೆ ಪರಿಚಯ ಆಗಿದ್ರು. ಅಬು ಬಕರನನ್ನ ಮೇಲೆ ತರೋದ್ರಲ್ಲಿ ಮುಖ್ಯ ಕೈ ಹಾಜಿ ಬಕರ್ ಅನ್ನೋ ಮಾಜಿ ಕರ್ನಲ್‌ದು, ಇವನ ಹೆಸರು ಯಾವ ಪೋಸ್ಟರ್‌ನಲ್ಲೂ ಇರ್ತಿರ್ಲಿಲ್ಲ. 2014ರ ಜನವರಿಯಲ್ಲಿ ಇವನು ಸಿರಿಯಾದಲ್ಲಿ ಸತ್ತ ಮೇಲೆ ಊರೂರಿಗೆ ಬೇಹುಗಾರರನ್ನ ಹೇಗೆ ಬಿಡ್ಬೇಕು, ಯಾರು ಯಾರಿಗೆ ವರದಿ ಮಾಡ್ಬೇಕು ಅಂತ ಕೈಯಲ್ಲೇ ಗೆರೆ ಎಳೆದು ಬರೆದ ಹಾಳೆಗಳು ಸಿಕ್ಕವು. 2012ರ ಜುಲೈನಿಂದ ಒಂದು ವರ್ಷ ಪೂರ್ತಿ ಜೈಲು ಒಡೆಯೋದನ್ನೇ ಅವರು ಒಂದು ಅಭಿಯಾನ ಮಾಡ್ಕೊಂಡ್ರು, 2013ರ ಜುಲೈ 21ರ ರಾತ್ರಿ ಅಬು ಘ್ರೈಬ್‌ನಿಂದ ಒಂದೇ ಸಲ 500ಕ್ಕೂ ಹೆಚ್ಚು ಕೈದಿಗಳು ಹೊರಗೆ ಬಂದ್ರು. ಮೇಲೆ ಕಿತ್ರೂ ಮಣ್ಣೊಳಗಿನ ಗಡ್ಡೆಯಿಂದ ಮತ್ತೆ ಚಿಗುರೋ ಕೊನ್ನಾರಿ ಕಳೆ ಗೊತ್ತಿರೋ ರೈತರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ.

ಇನ್ನು ಹೊರಗಿನ ಪರಿಸ್ಥಿತಿ. ಇದೇ ಸಂಘಟನೆ ವಿರುದ್ಧ ಬಂದೂಕು ಹಿಡಿದಿದ್ದ ಸುನ್ನಿ ಬುಡಕಟ್ಟಿನ ಯುವಕರಿಗೆ ಸರ್ಕಾರಿ ಕೆಲಸ ಕೊಡ್ತೀವಿ ಅಂದ ಬಾಗ್ದಾದ್ ಸರ್ಕಾರ ಬಹಳಷ್ಟು ಜನರಿಗೆ ಕೊಡಲೇ ಇಲ್ಲ, 2011ರಲ್ಲಿ ಪಕ್ಕದ ಸಿರಿಯಾ ಹೊತ್ತಿಕೊಳ್ತು, ಅದೇ ಡಿಸೆಂಬರ್‌ನಲ್ಲಿ ಅಮೆರಿಕನ್ ಸೈನ್ಯ ವಾಪಸ್ ಹೋಯ್ತು. ಯಾರು ನಾಯಕನಾಗಿದ್ರೂ ಈ ಮೂರೂ ಅವನಿಗೆ ಅನುಕೂಲವೇ ಆಗ್ತಿತ್ತು.

ಹಾಗಾದ್ರೆ ನಾಯಕನ ಸಾವಿನಿಂದ ಏನೂ ಆಗಲ್ವಾ? ಆಗುತ್ತೆ, ಅದಕ್ಕೆ ನಮ್ಮ ಪಕ್ಕದ ಎಲ್‌ಟಿಟಿಇನೇ ಸಾಕ್ಷಿ. 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆ ಮನೆಯಲ್ಲಿ ಶಿವರಾಸನ್ ಮತ್ತು ಅವನ ಜೊತೆಯವರು ಸತ್ತಾಗ ರಾಜೀವ್ ಗಾಂಧಿ ಹತ್ಯೆಯ ತಂಡ ಮುಗೀತು, ಆದ್ರೆ ಸಂಘಟನೆ ಇನ್ನೂ 18 ವರ್ಷ ಯುದ್ಧ ಮಾಡ್ತು. 2009ರ ಮೇನಲ್ಲಿ ನಂದಿಕಡಲ್ ಹಿನ್ನೀರಿನ ಹತ್ರ ಅದರ ನಾಯಕ ಪ್ರಭಾಕರನ್ ಸತ್ತ ಮೇಲೆ ಮತ್ತೆ ಏಳಲಿಲ್ಲ. ಯಾಕೆ ಅಂದ್ರೆ ಅವನು ಸಾಯೋ ಹೊತ್ತಿಗೆ ಉಳಿದಿದ್ದೇ ಏನೂ ಇರ್ಲಿಲ್ಲ. 2004ರಲ್ಲೇ ಅದರ ಕಮಾಂಡರ್ ಕರುಣಾ ಪೂರ್ವ ಭಾಗದ ಪಡೆ ಕರ್ಕೊಂಡು ಬೇರೆ ಆಗಿದ್ದ, ಆಯುಧ ತರೋ ಹಡಗುಗಳನ್ನ ಲಂಕಾ ನೌಕಾಪಡೆ ಮುಳುಗಿಸಿತ್ತು, ಜಾಗ ಒಂದು ಸಣ್ಣ ಪಟ್ಟಿಗೆ ಇಳಿದಿತ್ತು, ಎರಡನೇ ಸಾಲಿನವರೂ ಅದೇ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ರು. ಹೊರದೇಶದಲ್ಲಿ ಆಯುಧ ಖರೀದಿ ನೋಡ್ಕೊಳ್ತಿದ್ದ ಕೆಪಿ ತಾನೇ ಮುಂದಿನ ನಾಯಕ ಅಂದ, ಮೂರು ತಿಂಗಳಲ್ಲಿ ಅವನೂ ಸಿಕ್ಕಿಬಿದ್ದ. ಎಲ್ಲಾ ಅಧಿಕಾರ ಒಬ್ಬನ ಕೈಯಲ್ಲೇ ಇಟ್ಕೊಂಡ ಸಂಘಟನೆಗೆ ಈ ಗತಿ ಬೇಗ ಬರುತ್ತೆ. ಸಂಶೋಧಕಿ ಜೆನ್ನಾ ಜೋರ್ಡನ್ 1945ರಿಂದ 2004ರವರೆಗಿನ ಇಂಥ 298 ಘಟನೆ ತೆಗೆದು ನೋಡಿದಾಗ್ಲೂ ಹಳೇದಾದ, ದೊಡ್ಡದಾದ, ಧಾರ್ಮಿಕ ಸಂಘಟನೆಗಳೇ ನಾಯಕನ ಸಾವನ್ನ ತಡ್ಕೊಳ್ಳೋದು ಅಂತ ಕಂಡಿತ್ತು.

ಇನ್ನೊಂದು ವಿಷಯ, ಇದನ್ನ ನಾನು ಪೊಲೀಸರಿಗೆ ಕ್ಲಾಸ್ ತಗೊಳ್ವಾಗ ಪ್ರತಿ ಸಲ ಒತ್ತಿ ಹೇಳ್ತೀನಿ. ಸಾವಿನ ನಂತರದ ಮೊದಲ ವಾರಗಳು ಬೇರೆಯೇ ಅಪಾಯ. 1992ರ ಫೆಬ್ರವರಿ 16ಕ್ಕೆ ಲೆಬನಾನಿನ ಹಿಜ್ಬುಲ್ಲಾ ಸಂಘಟನೆಯ ನಾಯಕ ಅಬ್ಬಾಸ್ ಮುಸಾವಿಯನ್ನ ಇಸ್ರೇಲ್ ಕೊಂದಿತು, ಮಾರ್ಚ್ 17ಕ್ಕೆ ಅರ್ಜೆಂಟೀನಾದ ಇಸ್ರೇಲಿ ರಾಯಭಾರ ಕಚೇರಿ ಸ್ಫೋಟದಲ್ಲಿ 29 ಜನ ಸತ್ರು, ಮುಸಾವಿ ಜಾಗಕ್ಕೆ ಬಂದ ನಸ್ರಲ್ಲಾ ಅವನಿಗಿಂತ ಎಷ್ಟೋ ಪಾಲು ಸಮರ್ಥನಾಗಿದ್ದ. ನಮ್ಮಲ್ಲೇ ನೋಡಿ, 2005ರ ಫೆಬ್ರವರಿ 6ಕ್ಕೆ ಚಿಕ್ಕಮಗಳೂರಿನ ಬಳಿಗೆಯಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್, ಒಂದೇ ವಾರದೊಳಗೆ ಪಾವಗಡದ ವೆಂಕಟಮ್ಮನಹಳ್ಳಿ ಪೊಲೀಸ್ ಕ್ಯಾಂಪ್ ಮೇಲೆ ದಾಳಿ, ಅಲ್ಲಿ ಕೆಎಸ್‌ಆರ್‌ಪಿ ಹುಡುಗರು ಜೀವ ಕಳ್ಕೊಂಡ್ರು. ಆ ಗುಂಪು ಮಲೆನಾಡಲ್ಲಿ ಪೂರ್ತಿ ಕರಗೋಕೆ 20 ವರ್ಷ ಹಿಡೀತು. 2024ರ ನವೆಂಬರ್‌ನಲ್ಲಿ ಹೆಬ್ರಿ ಹತ್ರ ಅದರ ನಾಯಕ ವಿಕ್ರಂ ಗೌಡ ಸತ್ತ, ಎರಡು ತಿಂಗಳೊಳಗೆ ಆ ಗುಂಪಿನ ಆರು ಜನ ಬೆಂಗಳೂರಿಗೆ ಬಂದು ಶರಣಾದ್ರು. 2005ರಲ್ಲೂ ಒಬ್ಬ ನಾಯಕನೇ ಸತ್ತಿದ್ದು, 2024ರಲ್ಲೂ ಅಷ್ಟೇ, ಎರಡನೇ ಸಲ ಹಿಂದೆ ಬರೋಕೆ ಹೊಸ ಹುಡುಗರೇ ಇರ್ಲಿಲ್ಲ, ಬಿಟ್ಟು ಬರೋರಿಗೆ ಸರ್ಕಾರದ ಬಾಗಿಲು ತೆರೆದಿತ್ತು.

ಅದಕ್ಕೇ ಈಗ ಯಾರಾದ್ರೂ ಸತ್ತ ಸುದ್ದಿ ಬಂದ ದಿನ ನಾನು ಮೊದಲು ನೋಡೋದು ಉತ್ತರಾಧಿಕಾರಿ ಹೆಸರು ಎಷ್ಟು ದಿನಕ್ಕೆ ಬಂತು, ಬೇರೆ ದೇಶದ ಶಾಖೆಗಳು ಅವನಿಗೆ ನಿಷ್ಠೆ ಹೇಳಿದ್ವಾ, ಮನೆಗಳಿಗೆ ದುಡ್ಡು ಹೋಗ್ತಾ ಇದೆಯಾ, ಅವರ ಜನ ಯಾವ ಜೈಲಲ್ಲಿದ್ದಾರೆ, ಆ ಜೈಲಿನ ಕಾವಲು ಎಷ್ಟು ಗಟ್ಟಿ. ಐಸಿಸ್‌ನ ಅಬು ಬಕರ್ ಅಲ್-ಬಾಗ್ದಾದಿ 2019ರ ಅಕ್ಟೋಬರ್‌ನಲ್ಲಿ ಸತ್ತ, ಅವನ ನಂತರದವನು 2022ರ ಫೆಬ್ರವರಿಯಲ್ಲಿ, ಅದಕ್ಕೆ ಎರಡು ವಾರ ಮುಂಚೆ ಅವನ ಜನ ಸಿರಿಯಾದ ಹಸಕಾ ಜೈಲಿನ ಮೇಲೆ ಬಿದ್ದು ದಿನಗಟ್ಟಲೆ ಕಾದಾಡಿದ್ರು. ಅವನ ನಂತರದವನು ಅದೇ ವರ್ಷ ಸತ್ತ, ಅವನ ನಂತರದವನ ಸಾವನ್ನ ಸಂಘಟನೆಯೇ 2023ರ ಆಗಸ್ಟ್‌ನಲ್ಲಿ ಒಪ್ಕೊಳ್ತು. ಐದನೆಯವನಿಗೆ ಅಬು ಹಫ್ಸ್ ಅನ್ನೋ ಹೆಸರು ಮಾತ್ರ ಕೊಟ್ರು, ಮುಖ ತೋರಿಸಲಿಲ್ಲ, ಒಂದು ಭಾಷಣವೂ ಬರ್ಲಿಲ್ಲ. ಅವನ ಕಾಲದಲ್ಲೇ, 2024ರ ಮಾರ್ಚ್ 22ರ ಸಂಜೆ ಈ ಸಂಘಟನೆಯವರ ದಾಳಿಗೆ ಮಾಸ್ಕೋ ಪಕ್ಕದ ಕ್ರೋಕಸ್ ಸಿಟಿ ಹಾಲ್‌ನಲ್ಲಿ ಸಂಗೀತ ಕೇಳೋಕೆ ಬಂದಿದ್ದ 140ಕ್ಕೂ ಹೆಚ್ಚು ಜನ ಸತ್ತರು.